ಅಕ್ಸ್‌ಬ್ರಿಡ್ಜಿನಲ್ಲಿ ಒಂದು ಹೆಸರು

ಲಂಡನ್ನಿನ ಅಂಚಿನ ಅಕ್ಸ್‌ಬ್ರಿಡ್ಜಿನ ಯುದ್ಧಸ್ಮಾರಕದ ಎದುರಿನ ಬೆಂಚಿನಲ್ಲಿ ಕೂತು ಇದನ್ನು ಗೀಚುತ್ತಿದ್ದೇನೆ. ಈಗಷ್ಟೇ ಇಲ್ಲಿ ಬಿಳಿಗೂದಲಿನ ಹೆಂಗಸೊಬ್ಬಳು ಕಲ್ಲಿನ ಮೇಲಿನ ಹೆಸರೊಂದನ್ನು ಒದ್ದೆ ಕರವಸ್ತ್ರದಿಂದ ಒರೆಸುತ್ತ, ಮಗುವನ್ನು ಕರೆದಂತೆ "ಆಲ್ಬರ್ಟ್, ಆಲ್ಬರ್ಟ್" ಎನ್ನುತ್ತಿದ್ದಳು.

ನನ್ನ ತಂಗಿಯ ಮಗಳು ರೇಖಾ ಅವಳನ್ನು ಮಾತಾಡಿಸಿ ಬಂದಳು. "ಅವ್ರ ಅಜ್ಜಿಯ ಅಣ್ಣ ಅಂತೆ ದೊಡ್ಡಮ್ಮ. ಮೊದಲ್ನೇ ಮಹಾಯುದ್ಧದಲ್ಲಿ, ಫ್ರಾನ್ಸಿನ ಸೋಮ್ ಕಾಳಗದಲ್ಲಿ ಟ್ರೆಂಚಿಂದ ಮೇಲೆ ಹತ್ತಿದ ತಕ್ಷಣ ಗುಂಡು ಬಿತ್ತಂತೆ. ಬಾಡಿನೂ ಸಿಗ್ಲಿಲ್ವಂತೆ."

ಅಯ್ಯೋ ಪಾಪ ಎನ್ನಬೇಕಿತ್ತು. ನನಗೆ ಬಂದದ್ದು ಹೊಟ್ಟೆಕಿಚ್ಚು.

ನನ್ನ ಮುತ್ತಜ್ಜನೂ ಅದೇ ಯುದ್ಧಕ್ಕೆ, ಕಂದಕಗಳಿಗೆ ಮದ್ದುಗುಂಡು ಹೊರುವ ಹೇಸರಗತ್ತೆಗಳನ್ನು ಹೊಡೆದುಕೊಂಡು ಹೋದವರು. ದೇಹವಿರಲಿ, ಸತ್ತರೆಂಬ ಕಾಗದವೂ ಬರಲಿಲ್ಲ. ಗಂಡನ ಹೆಸರು ಹೇಳಿದರೆ ಆಯಸ್ಸು ಕಡಿಮೆಯಾಗುತ್ತದೆಂದು ನಂಬಿದ್ದ ಮುತ್ತಜ್ಜಿ ಕೊನೆಯವರೆಗೂ ಬಾಯಿ ಬಿಡಲಿಲ್ಲ. ಅವಳ ಪಾಲಿಗೆ ಬರೀ "ಅವ್ರು". ಹೆಸರು ಗೊತ್ತಿದ್ದ ಉಳಿದವರೂ ತೀರಿಕೊಂಡರು. ಕೇಳಿಟ್ಟುಕೊಳ್ಳುವ ಬುದ್ಧಿ ನಮಗ್ಯಾರಿಗೂ ಬರಲಿಲ್ಲ.

ರೇಖಾ ಮತ್ತೆ ಹೋಗಿ ಇದನ್ನೆಲ್ಲ ಹೇಳಿದಳೋ ಏನೋ, ಆ ಹೆಂಗಸು ನನ್ನ ಬಳಿ ಬಂದು, ಚೀಲದಿಂದ ಸತ್ತ ಸೈನಿಕರ ನೆನಪಿಗೆ ಊರುವ, ಕೆಂಪು ಕಾಗದದ ಹೂವಿದ್ದ ಪುಟ್ಟ ಮರದ ಶಿಲುಬೆಯನ್ನೂ ಪೆನ್ನನ್ನೂ ತೆಗೆದು ನನ್ನ ಕೈಗಿಟ್ಟಳು.

"ನಿಮ್ಮೋರಿಗೂ ಒಂದು ಇಡಿ, ಏನಾದ್ರೂ ಬರೀರಿ ಅಂತಿದ್ದಾರೆ ದೊಡ್ಡಮ್ಮ."

ಶಿಲುಬೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಅದರ ಮೇಲೆ ಕನ್ನಡದಲ್ಲಿ "ಅವ್ರು" ಎಂದು ಬರೆದೆ.

ಅವಳು ರೇಖಾಳಿಂದ ಉಚ್ಚಾರ ಕೇಳಿ ತಿಳಿದುಕೊಂಡಳು. ಶಿಲುಬೆಯನ್ನು ಆಲ್ಬರ್ಟನ ಹೆಸರಿನ ಕೆಳಗೆ ಹುಲ್ಲಿನಲ್ಲಿ ಊರಿ, ಅದೇ ದನಿಯಲ್ಲಿ "ಅವ್ರು, ಅವ್ರು" ಎಂದು ಕರೆದಳು.

ನಮ್ಮ ಮನೆಯಲ್ಲಿ ಯಾರೂ ಅವರನ್ನು ಹಾಗೆ ಕೂಗಿ ಕರೆದಿರಲಿಲ್ಲ. ನನಗೆ ಮತ್ತೆ ಹೊಟ್ಟೆ ಉರಿಯಿತು.