ಸಾಕ್ಷಿ ಹೇಳಲು ಕಲಿಸಿದವರು

ಕೇರಂ ಬೋರ್ಡಿಗೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿದರೆ ಒಂದು ವಾಸನೆ ಏಳುತ್ತದೆ. ಪೌಡರು, ಕಟ್ಟಿಗೆ, ಆಡುವವರ ಬೆವರು ಮೂರೂ ಕೂಡಿದ ವಾಸನೆ. ಈ ಸಲ ಬಸವನ ಬಾಗೇವಾಡಿಯಲ್ಲಿ ಸರಕಾರಿ ನೌಕರರ ಕ್ರೀಡಾಕೂಟ ನಡೆದಾಗ ಮುದ್ದೇಬಿಹಾಳ ತಾಲ್ಲೂಕು ಕಚೇರಿಯಿಂದ ನಾನೂ ಕೇರಂ ಆಡಲು ಹೋಗಿದ್ದೆ. ಬೋರ್ಡಿನ ಪೌಡರ್ ತರುವುದನ್ನು ಯಾರೋ ಮರೆತಿದ್ದರು. ಎದುರಿನ ಅಂಗಡಿಯಿಂದ ಮುಖಕ್ಕೆ ಹಚ್ಚುವ ಡಬ್ಬಿಯನ್ನೇ ತಂದು ಸುರುವಿದರು.

ಸ್ಟ್ರೈಕರ್ ಹಿಡಿದವನು ಹಿಡಿದಂತೆಯೇ ಕುಳಿತುಬಿಟ್ಟೆ. ನನ್ನ ಎದುರಿಗೆ ಆಡುತ್ತಿದ್ದವರು ನಮ್ಮ ಕಚೇರಿಯವರೇ, ಝಳಕಿ ಕಡೆಯವರು, ಬಾಯಿ ಸುಮ್ಮನಿರುವ ಪೈಕಿ ಅಲ್ಲ.

“ಯಾಕ್ರಿ ಸಾಹೇಬ್ರ, ಹಂಗ ಹೊಡೀತೀರೋ, ಪಂಚನಾಮಿ ಮಾಡಿ ಹೊಡೀತೀರೋ?” ಎಂದರು. ಸುತ್ತ ನಿಂತವರು ನಕ್ಕರು. ನಾನೂ ನಕ್ಕೆ. ಆದರೆ ಆಗಲೇ ನನ್ನ ಕಣ್ಣ ಮುಂದೆ ಸಿಂದಗಿಯ ಬಸ್ ಸ್ಟ್ಯಾಂಡಿನ ಹಿಂದಿನ, ತಗಡು ಹೊದಿಸಿದ ಒಂದು ಪತ್ರಾಸಿನ ಕೋಣೆ ಬಂದು ನಿಂತಿತ್ತು. ಅದರ ಬಾಗಿಲಲ್ಲಿ ಅವರು…

ಅವರನ್ನು ನಾವು ‘ಬ್ರದರ್’ ಎನ್ನುತ್ತಿದ್ದೆವು. ಬೀದರ್ ಕಡೆಯಿಂದ ಬಂದವರು. ಅಲ್ಲಿಯ ಯಾವುದೋ ಕ್ರೈಸ್ತ ಸಭೆಯವರು ಅವರನ್ನು ನಮ್ಮಂಥ ಹುಡುಗರ ನಡುವೆ ಕೆಲಸ ಮಾಡಲು ಕಳಿಸಿದ್ದರು. ನಮ್ಮಂಥವರು ಎಂದರೆ ಹಾಸ್ಟೆಲ್ಲಿನವರು, ಗ್ಯಾರೇಜಿನಲ್ಲಿ ಟೈರ್ ಬಿಚ್ಚುವವರು, ಹೋಟೆಲ್ಲಿನಲ್ಲಿ ಕಪ್ಪು ಬಸಿ ತೊಳೆಯುವವರು. ಮೀಸೆ ಮೂಡುತ್ತಿದ್ದ, ಯಾರಿಗೂ ಬೇಡವಾದ ವಯಸ್ಸು. ಸಣ್ಣವರಿದ್ದರೆ ಮಂದಿ ಕನಿಕರ ಪಡುತ್ತಾರೆ, ದೊಡ್ಡವರಾದರೆ ಕೂಲಿಗೆ ಕರೆಯುತ್ತಾರೆ. ನಡುವಿನವರನ್ನು ಕಂಡರೆ ಅಂಗಡಿಕಾರರು ಗಲ್ಲಾಪೆಟ್ಟಿಗೆಯ ಮೇಲೆ ಕೈಯಿಡುತ್ತಿದ್ದರು.

ನಾನು ಕನ್ನೊಳ್ಳಿಯವನು. ಅಪ್ಪ, ಅವ್ವ ಕಬ್ಬು ಕಡಿಯುವ ಗ್ಯಾಂಗಿನಲ್ಲಿದ್ದರು. ಹಂಗಾಮು ಬಂತೆಂದರೆ ಆಲಮೇಲದ ಕಡೆ ಹೊಲದಲ್ಲೇ ಜೋಪಡಿ ಹಾಕಿಕೊಂಡು ಇರುತ್ತಿದ್ದರು. ಅದಕ್ಕೇ ನಾನು ಸಿಂದಗಿಯ ಸರಕಾರಿ ಹಾಸ್ಟೆಲ್ಲಿಗೆ ಬಿದ್ದಿದ್ದು. ಹತ್ತನೆಯ ತರಗತಿ. ನಮ್ಮ ಕೇರಿಯಲ್ಲಿ ಅದರ ಆಚೆಗೆ ಯಾರೂ ಹೋಗಿರಲಿಲ್ಲ.

ಆ ಕೋಣೆಯಲ್ಲಿ ಇದ್ದದ್ದು ಒಂದು ಕೇರಂ ಬೋರ್ಡು, ಒಂದು ಢೋಲಕ್, ಗೋಡೆಗೆ ಒರಗಿಸಿದ ಕರಿಹಲಗೆ. ಐತವಾರ ಮಧ್ಯಾಹ್ನ ಮೊದಲು ಆಟ, ಆಮೇಲೆ ಇಂಗ್ಲಿಷ್ ಗ್ರಾಮರ್, ಕೊನೆಗೆ ಒಂದು ಹಾಡು, ಪ್ರಾರ್ಥನೆ. “ಕಣ್ಣು ಮುಚ್ಚಲೇಬೇಕಂತ ಏನಿಲ್ಲಪ್ಪಾ. ಆದ್ರ ನಾ ಮುಚ್ಚಿದಾಗ ಕಾಯಿ ಸರಿಸಬ್ಯಾಡ್ರಿ” ಎನ್ನುತ್ತಿದ್ದರು. ನಾವು ಸರಿಸುತ್ತಿದ್ದೆವು. ಅವರಿಗೆ ಗೊತ್ತಿರುತ್ತಿತ್ತು.

ಅವರ ಮಾತು ನಮಗೆ ದೊಡ್ಡ ಚೇಷ್ಟೆಯ ವಸ್ತು. ನಾವು ‘ಮಾಡಾಕತ್ತೀರಿ’ ಅಂದರೆ ಅವರು ‘ಮಾಡ್ಲತ್ತೀರಿ’ ಎನ್ನುತ್ತಿದ್ದರು. “ಬ್ರದರ್, ಏನ್ ಮಾಡ್ಲತ್ತೀರಿ? ನಗ್ಲತ್ತೀರೋ, ಅಳ್ಲತ್ತೀರೋ?” ಎಂದು ಗ್ಯಾರೇಜಿನ ಹುಡುಗರು ಅಣಕಿಸಿದರೆ ಅವರೇ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದರು. “ಊಟ ಆಯ್ತಾ?” ಅಂತ ಊರಲ್ಲಿ ಎಲ್ಲರೂ ಕೇಳುತ್ತಾರೆ, ಕೇಳುತ್ತಲೇ ಮುಂದೆ ಹೋಗಿರುತ್ತಾರೆ. ಅವರು ಕೇಳಿ ನಿಲ್ಲುತ್ತಿದ್ದರು, ಉತ್ತರ ಬರುವ ತನಕ. ಹಾಸ್ಟೆಲ್ಲಿನಲ್ಲಿ ನನಗೆ ಜ್ವರ ಏರಿ ವಾರ್ಡನ್ನು ಊರಿಗೆ ಹೋಗಿದ್ದಾಗ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ದವಾಖಾನೆಗೆ ಒಯ್ದವರು ಅವರೇ. ನಾನು ಬೆನ್ನಿಗೆ ತಲೆ ಆನಿಸಿದ್ದೆ. ಅಂಗಿಗೆ ಅದೇ ಪೌಡರಿನ ವಾಸನೆ…

ರಜೆಗೆ ಮನೆಗೆ ಹೋದಾಗ ಅವ್ವ ನನ್ನ ಅಂಗಿ ಮೂಸಿ, “ಏನೋ ಮಗನ, ಯಾರ ಮದಿವ್ಯಾಗ ಪೌಡರ್ ಮೆತ್ಗೊಂಡ ಬಂದಿ?” ಎನ್ನುತ್ತಿದ್ದಳು.

ಒಂದು ಐತವಾರ ಬ್ರದರ್ ನನಗೆ, “ಬರೋ ವಾರ ನೀ ಸಾಕ್ಷಿ ಹೇಳ್ತಿಯೇನಪ್ಪಾ?” ಎಂದರು. ನಾನು ಹೂಂ ಅಂದೆ. ಆ ವಾರ ಅಪ್ಪ ಹಾಸ್ಟೆಲ್ಲಿಗೆ ಬುತ್ತಿ ತಂದಿದ್ದ. ಮಾತಿನ ನಡುವೆ ಬಾಯಿ ಬಿಟ್ಟೆ, ಐತವಾರ ಸಾಕ್ಷಿ ಹೇಳೂದೈತಿ ಅಂತ. ಅಪ್ಪನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

ನಮ್ಮ ಕೇರಿಯಲ್ಲಿ ಸಾಕ್ಷಿ ಅಂದರೆ ಒಂದೇ ಅರ್ಥ. ನಾನು ಹುಟ್ಟುವ ಮೊದಲು ನಮ್ಮ ದೊಡ್ಡಪ್ಪನನ್ನು ಹೊಲದ ಬದುವಿನ ಮೇಲೆ ಹೊಡೆದು ಕಾಲು ಮುರಿದಿದ್ದರು. ಕಂಡವರು ಬಹಳ ಮಂದಿ. ಕೋರ್ಟಿಗೆ ಹೋಗಿ ಕಂಡೆ ಎಂದು ಹೇಳಿದವನು ಒಬ್ಬನೇ. ಅವನಿಗೆ ಊರಲ್ಲಿ ಕೂಲಿ ಸಿಗದೆ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸೊಲ್ಲಾಪುರಕ್ಕೆ ಹೋದವನು ತಿರುಗಿ ಬರಲಿಲ್ಲ.

ಅಪ್ಪ ನೆಟ್ಟಗೆ ಬ್ರದರ್ ಕೋಣೆಗೇ ಹೋದ. ಹಿಂದೆ ನಾನು. ಬಾಗಿಲಲ್ಲೇ ಕೈ ಮುಗಿದು ನಿಂತ. “ಯಪ್ಪಾ ಸಾಹೇಬ್ರ, ಅಂವಾ ಸಣ್ಣಾಂವ ಅದಾನ್ರಿ. ಏನ್ ನೋಡಿದ್ರೂ ನೋಡಿಲ್ಲ ಅಂತಾನ. ಸಾಕ್ಷಿ ಗೀಕ್ಷಿ ನಮ್ಮ ಮನಿತನಕ್ಕ ಆಗಿ ಬಂದಿಲ್ರಿ.”

ಬ್ರದರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ನಕ್ಕರು, ಅಪ್ಪನ ಕೈ ಹಿಡಿದು ಚಾಪೆಯ ಮೇಲೆ ಕೂರಿಸಿದರು. “ಕೇಸಿನ ಸಾಕ್ಷಿ ಅಲ್ರಿ ಯಜಮಾನ್ರೆ. ದೇವರು ನಮಗ ಏನು ಒಳ್ಳೇದು ಮಾಡ್ಯಾನ, ಅದನ್ನ ನಾಕು ಮಂದಿ ಮುಂದ ಎದ್ದು ನಿಂತು ಹೇಳೋದು. ನಮ್ಮಲ್ಲಿ ಅದಕ್ಕ ಸಾಕ್ಷಿ ಅಂತಾರ.”

ಅಪ್ಪ ಉಸಿರು ಬಿಟ್ಟ. ಆಮೇಲೆ ತಲೆ ಕೆರೆದುಕೊಂಡು, “ಹಂಗಾರ ಹೇಳಾಕ ಇಂವನ ಹಂತೇಕ ಏನೂ ಇಲ್ಲಲ್ರಿ. ಏನೂ ಮಾಡಿಲ್ಲಲ್ಲ ಅಂವಾ!” ಎಂದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ನನಗಿನ್ನೂ ನೆನಪಿದೆ. ಹೋಗುವಾಗ ಅಪ್ಪ ಒಂದು ಮಾತು ಖಡಕ್ಕಾಗಿ ಹೇಳಿದ್ದ: “ಹುಡುಗನ್ನ ನಿಮ್ಮ ದೇವರಿಗೆ ಬರದ ಕೊಡೂದಿಲ್ರಿ ಮತ್ತ.” ಅವರು ಅಂದಿದ್ದರು: “ಬರದು ಕೊಡಬ್ಯಾಡ್ರಿ. ಓದ್ಲಿಕ್ಕೆ ಬಿಡ್ರಿ, ಸಾಕು.”

ಐತವಾರ ನಾನು ಎದ್ದು ನಿಂತೆ. ದೇವರ ಬಗ್ಗೆ ನನಗೇನೂ ಗೊತ್ತಿರಲಿಲ್ಲ, ಅದನ್ನೇ ಹೇಳಿದೆ. ಜ್ವರ ಬಂದಾಗ ದವಾಖಾನೆಗೆ ಒಯ್ದರು, ನನ್ನ ಸಲುವಾಗಿ ಒಬ್ಬರು ಕಾಯ್ದು ಕುಳಿತದ್ದು ಅದೇ ಮೊದಲು ಎಂದೆ. ಕುಳಿತ ಮೇಲೆ ಬ್ರದರ್ ಬೆನ್ನು ತಟ್ಟಿ, “ಕಂಡದ್ದು ಎದ್ದು ನಿಂತು ಹೇಳಿದಿ ನೋಡು, ಇಷ್ಟೇ. ಸಾಕ್ಷಿ ಅಂದ್ರ ಇಷ್ಟೇ” ಎಂದರು. ಇಂದು ನಾನು ಕಚೇರಿಯಲ್ಲಿ ದೊಡ್ಡ ಸಾಹೇಬರ ಮುಂದೆ ತಲೆಯೆತ್ತಿ ಮಾತಾಡುತ್ತೇನಲ್ಲ, ಅದರ ಬೇರು ಆ ಕೋಣೆಯಲ್ಲಿದೆ.

ಪರೀಕ್ಷೆಗೆ ಇನ್ನೇನು ಬಹಳ ದಿನ ಇರಲಿಲ್ಲ. ಒಂದು ಮಧ್ಯಾಹ್ನ ನಾವು ಆಡುತ್ತಿದ್ದಾಗ ಊರಿನ ಕೆಲವರು ಒಳಗೆ ನುಗ್ಗಿದರು. ಬೋರ್ಡು ಬೋರಲು ಬಿತ್ತು. ಹುಡುಗರ ತಲೆ ಕೆಡಿಸಿ ಧರ್ಮ ಬದಲು ಮಾಡಿಸುತ್ತಿದ್ದಾನೆ ಎಂದು ಬ್ರದರನ್ನು ಹೊಡೆದು, ಎಳೆದುಕೊಂಡು ಠಾಣೆಗೆ ಒಯ್ದರು. ಉಳಿದ ಹುಡುಗರು ದಿಕ್ಕಾಪಾಲಾದರು. ಅವರನ್ನು ಬೈಯುವುದಿಲ್ಲ. ನಾನು ಹಿಂದೆಯೇ ಹೋದೆ. ಕಂಡದ್ದು ಎದ್ದು ನಿಂತು ಹೇಳುವುದು ಅಷ್ಟೇ ತಾನೆ?

ಠಾಣೆಯೊಳಗೆ ಸಾಹೇಬರು ಕುರ್ಚಿಯಲ್ಲಿದ್ದರು, ದೂರು ಕೊಡಲು ಬಂದವರು ಸುತ್ತ ನಿಂತಿದ್ದರು. ಬ್ರದರ್ ನೆಲದ ಮೇಲೆ ಕುಳಿತಿದ್ದರು, ತುಟಿ ಬಾತಿತ್ತು. ನಾನು ಹೋಗಿ, “ಸಾಕ್ಷಿ ಹೇಳಾಕ ಬಂದೀನ್ರಿ” ಎಂದೆ.

“ಯಾರ ಕರದಾರಲೇ ನಿನ್ನ?” ಎಂದು ಪೇದೆ ನಕ್ಕ. ಸಾಹೇಬರು ನಗಲಿಲ್ಲ. ಹೆಸರು ಕೇಳಿದರು, ಊರು ಕೇಳಿದರು, ಜಾತಿ ಕೇಳಿದರು. ಎಲ್ಲ ಹೇಳಿದೆ. ಬ್ರದರ್ ಇಂಗ್ಲಿಷ್ ಕಲಿಸುತ್ತಾರೆ, ಯಾರಿಗೂ ಏನೂ ಒತ್ತಾಯ ಮಾಡಿಲ್ಲ ಎಂದೆ. “ಅಲ್ಲಿ ನಾನೂ ಎದ್ದು ನಿಂತು ಸಾಕ್ಷಿ ಹೇಳೀನ್ರಿ” ಎಂದುಬಿಟ್ಟೆ, ಎದೆ ಉಬ್ಬಿಸಿ.

ಸುತ್ತ ನಿಂತವರಲ್ಲಿ ಒಬ್ಬರು ಹಾರಿಬಂದರು. “ಕೇಳಿದ್ರಿಲ್ಲೋ ಸಾಹೇಬ್ರ? ಇವರಾಗ ಸಾಕ್ಷಿ ಹೇಳೂದಂದ್ರ ಏನಂತ ನಮಗ ಗೊತ್ತೈತ್ರಿ. ಧರ್ಮ ಬಿಟ್ಟೀನಂತ ಹುಡುಗ ತಾನ ಒಪ್ಪಾಕತ್ತಾನ, ಬರಕೋರಿ!”

ಸಾಹೇಬರು ಪೆನ್ನು ತೆಗೆದರು. ಬ್ರದರ್ ಕಡೆ ತಿರುಗಿ, “ಈ ಹುಡುಗ ನಿಮ್ಮ ಪ್ರಾರ್ಥನಿಗೆ ಬರ್ತಾನೇನು?” ಎಂದರು.

ಬ್ರದರ್ ನನ್ನನ್ನು ನೋಡಿದರು. ಬಹಳ ಹೊತ್ತು ನೋಡಿದರು ಎಂದು ನನಗೆ ಅನಿಸುತ್ತದೆ, ಇರಲಿಕ್ಕಿಲ್ಲ.

“ಇಲ್ರಿ. ಈ ಹುಡುಗ ಯಾರಂತ ನನಗ ಗೊತ್ತಿಲ್ಲ.”

“ನೋಡೇ ಇಲ್ಲೇನು?”

“ನೋಡಿಲ್ರಿ.”

ಸಾಹೇಬರು ಪೆನ್ನಿನ ಟೊಪ್ಪಿಗೆ ಹಾಕಿದರು. ಪೇದೆ ನನ್ನ ಕುತ್ತಿಗೆಗೆ ಕೈ ಹಾಕಿ ಹೊರಗೆ ದಬ್ಬಿದ. “ನಡೀ ಮಗನ. ಸಾಕ್ಷಿ ಹೇಳಾಕ ಬಂದಾನ!”

ನಾನು ಬೇವಿನ ಗಿಡದ ಕೆಳಗೆ ನಿಂತು ಕೈ ನೋಡಿಕೊಂಡೆ. ನನ್ನ ಬೆರಳಿಗೆ ಪೌಡರ್ ಹತ್ತಿತ್ತು. ಒಳಗೆ ಕುಳಿತವರ ಬೆರಳಿಗೂ ಹತ್ತಿತ್ತು, ನೋಡಿದ್ದೆ. ಇಬ್ಬರ ಮೈಗೂ ಒಂದೇ ವಾಸನೆ. ಆ ಠಾಣೆಯಲ್ಲಿ ಒಬ್ಬರಿಗಾದರೂ ಮೂಗು ಇದ್ದಿದ್ದರೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಸಂಜೆಗೆ ಅವರ ಸಭೆಯ ಹಿರಿಯರು ಜೀಪಿನಲ್ಲಿ ಬಂದು ರಾಜಿ ಮಾಡಿಕೊಂಡರು. ಬ್ರದರನ್ನು ಅದೇ ಜೀಪಿನಲ್ಲಿ ಕರೆದುಕೊಂಡು ಹೋದರು. ನಾನು ಅದೇ ಗಿಡದ ಕೆಳಗಿದ್ದೆ. ಅವರು ಈ ಕಡೆ ಮುಖ ತಿರುಗಿಸಲಿಲ್ಲ. ಕೋಣೆಗೆ ಕೀಲಿ ಬಿತ್ತು. ಆಮೇಲೆ ಅದರಲ್ಲಿ ಯಾರೋ ಸಿಮೆಂಟ್ ಚೀಲ ತುಂಬಿದರು.

ಸಿಟ್ಟಿನಲ್ಲೇ ಓದಿದೆ. ಹತ್ತನೆಯದು ಪಾಸಾದೆ, ಇಂಡಿ ಪಟ್ಟಣದ ಕಾಲೇಜಿನಲ್ಲಿ ಡಿಗ್ರಿ ಮುಗಿಸಿದೆ. ನಮ್ಮ ಮನೆತನದಲ್ಲಿ, ನಮ್ಮ ಇಡೀ ಕೇರಿಯಲ್ಲಿ ಮೊದಲ ಪದವೀಧರ ನಾನು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಯಾರೂ ಪುಕ್ಕಟೆ ಕೊಟ್ಟದ್ದಲ್ಲ. ಓದುವಾಗ ನಿದ್ದೆ ಬಂದರೆ ‘ಈ ಹುಡುಗ ಯಾರಂತ ಗೊತ್ತಿಲ್ಲ’ ಅನ್ನುವುದನ್ನು ನೆನೆಸಿಕೊಳ್ಳುತ್ತಿದ್ದೆ. ನಿದ್ದೆ ಹಾರಿಹೋಗುತ್ತಿತ್ತು.

ನೌಕರಿ ಸಿಕ್ಕು ಮುದ್ದೇಬಿಹಾಳಕ್ಕೆ ಬಂದ ಮೇಲೆ ನನಗೆ ಜಾತಿ ಪ್ರಮಾಣಪತ್ರದ ಟೇಬಲ್ಲು ಬಂತು. ಒಂದು ದಿನ ಒಬ್ಬ ಹುಡುಗಿಯ ಫೈಲಿಗೆ ಆಕ್ಷೇಪಣೆ ಬಂದಿತ್ತು. ಮನೆಯವರು ಚರ್ಚಿಗೆ ಹೋಗುತ್ತಾರೆ, ಕ್ರೈಸ್ತರಾದವರಿಗೆ ಪರಿಶಿಷ್ಟ ಜಾತಿಯ ಪತ್ರ ಕೊಡಬಾರದು ಎಂದು. ಕಾಲೇಜಿನ ಸೀಟು, ಸ್ಕಾಲರ್‌ಶಿಪ್ಪು ಎರಡೂ ಆ ಪತ್ರಕ್ಕೆ ಜೋತುಬಿದ್ದಿದ್ದವು. ಶಿರಸ್ತೇದಾರರು ಫೈಲು ಮಗುಚುತ್ತಾ, “ಪಾಪ, ಖೋಡಿ ಹುಡುಗಿ. ವಿಚಾರಣಿಗೆ ಹೋದಾಗ ತಾನ ಹೇಳ್ಯಾಳ ನೋಡ್ರಿ, ಪ್ರಾರ್ಥನ್ಯಾಗ ಸಾಕ್ಷಿ ಹೇಳೀನಿ ಅಂತ. ಒಬ್ಬರರ ಆಕಿ ಬಾಯಿ ಮುಚ್ಚಸೂದಿಲ್ಲೇನ್ರಿ?” ಎಂದರು.

ಕೈಯಲ್ಲಿದ್ದ ಚಹಾ ಹಾಗೇ ಇತ್ತು. ಅಂದು ಠಾಣೆಯ ಸಾಹೇಬರು ಜಾತಿ ಕೇಳಿದ್ದು, ನಾನು ಹೇಳಿದ್ದು, ಪೆನ್ನು ತೆಗೆದದ್ದು, ಟೊಪ್ಪಿಗೆ ಹಾಕಿದ್ದು… ಹಾಗಾದರೆ ಬ್ರದರ್ ಮುಚ್ಚಿಸಿದ್ದು ನನ್ನ ಬಾಯಿಯನ್ನೇ? ನನ್ನದೂ ಅಂಥದ್ದೇ ಜಾತಿ ಪತ್ರ, ಅದರ ಮೇಲೆ ಬಂದ ಡಿಗ್ರಿ, ಈ ಕುರ್ಚಿ, ಎಲ್ಲ ನಿಂತಿರುವುದು ಆ ಒಂದು ಸುಳ್ಳಿನ ಮೇಲೆಯೇ?

ಅಥವಾ ಅವರು ಬರೀ ಅಂಜಿದ್ದರೇ? ಹುಡುಗ ಬರುತ್ತಾನೆ ಎಂದು ಒಪ್ಪಿದ್ದರೆ ಕೇಸು ಬೀಳುತ್ತಿದ್ದದ್ದು ಅವರ ತಲೆಯ ಮೇಲೂ ಹೌದು. ಏಟು ತಿಂದ ಮನುಷ್ಯ ತನ್ನನ್ನು ಉಳಿಸಿಕೊಂಡರೆ ತಪ್ಪೇನು? ಆದರೆ ನನಗೆ ಯಾವುದೆಂದು ಗೊತ್ತಾಗಬೇಕಿತ್ತು. ಅವರಿವರನ್ನು ಕೇಳಿ ಬೀದರಿನ ಅವರ ಮನೆಯ ಫೋನ್ ನಂಬರ್ ಹುಡುಕಿ ಹಚ್ಚಿದೆ. ಎತ್ತಿದವರು ಅವರ ಹೆಂಡತಿ. ಬ್ರದರ್ ಕಾಮಣಿ ಬೇನೆಯಾಗಿ ತೀರಿಕೊಂಡರಂತೆ, ನಾನು ಡಿಗ್ರಿ ಮುಗಿಸುವುದಕ್ಕೂ ಮೊದಲೇ.

“ಅಕ್ಕಾರೆ, ಸಿಂದಗಿಯ ಒಬ್ಬ ಹುಡುಗನ ಸುದ್ದಿ ಯಾವಾಗರ ಹೇಳಿದ್ರೇನ್ರಿ?” ಎಂದೆ.

“ಇಲ್ಲಪ್ಪಾ. ಸಿಂದಗಿ ಮಾತೇ ಅವರು ತೆಗೀತಿರಲಿಲ್ಲ,” ಎಂದರು. ಆಮೇಲೆ, “ನೀ ಯಾರಪ್ಪಾ? ಅವರಿಗೆ ಏನಾಗ್ಬೇಕು?” ಎಂದು ಕೇಳಿದರು. ನಮಸ್ಕಾರ ಹೇಳಿ ಫೋನ್ ಇಟ್ಟೆ. ಬ್ರದರೇ ನನ್ನನ್ನು ಗೊತ್ತಿಲ್ಲ ಎಂದುಬಿಟ್ಟಿದ್ದರಲ್ಲ.

ಒಂದು ಚೀಟಿ ಕಳಿಸಬಹುದಿತ್ತು. ಜೀಪು ಹತ್ತುವಾಗ ಒಂದು ಸಲ ಕಣ್ಣು ಹಾಯಿಸಬಹುದಿತ್ತು. ಉಳಿಸಿದ್ದೇ ಆಗಿದ್ದರೆ, ಉಳಿಸಿದೆ ಎಂಬುದನ್ನು ಉಳಿದವನಿಗೆ ತಿಳಿಸಬೇಡವೇ?

ಬಾಗೇವಾಡಿಯಲ್ಲಿ ಆ ದಿನ ನಾನು ಗೆದ್ದೆ. ಕೊನೆಯ ಕಾಯಿ ಬಿದ್ದ ಮೇಲೆ ಝಳಕಿಯವರು, “ಕೈ ಭಾರಿ ಐತಿ ಬಿಡ್ರಿ. ಯಾರ ಕಲಿಸ್ಯಾರ್ರಿ?” ಎಂದರು.

“ಸಿಂದಗ್ಯಾಗ ಒಬ್ಬರು ಬ್ರದರ್ ಇದ್ರು. ಪ್ರಾರ್ಥನಾ ಮಾಡಸ್ತಿದ್ರು. ಅವರು ಕಲಿಸ್ಯಾರ,” ಎಂದೆ. ಎದ್ದು ನಿಂತೇ ಹೇಳಿದೆ.

ಒಬ್ಬರು ಇನ್ನೊಬ್ಬರ ಮುಖ ನೋಡಿದರು. “ಹಂಗಾರ… ನೀವೂ ಆ ಕಡಿಯವರೇನ್ರಿ?”

“ನಾ ಯಾವ ಕಡಿಯಾಂವನೂ ಅಲ್ರಿ. ಅವರು ನನ್ನ ಕಡಿ ಇದ್ರು.”

ಹೇಳುವುದು ಹೇಳಿದೆ. ಬೆರಳು ಮೂಗಿನ ಹತ್ತಿರ ಹಿಡಿದೆ, ಅದೇ ವಾಸನೆ. ಇದ್ದರೇ ಅವರು, ನನ್ನ ಕಡೆ? ಕಂಡದ್ದನ್ನು ಮಾತ್ರ ಹೇಳಬೇಕು ಎಂದು ಕಲಿಸಿದವರು ಅವರೇ. ನಾನು ಕಂಡದ್ದು ಒಂದು ಬಾತ ತುಟಿ, ಒಂದು ಜೀಪಿನ ಹಿಂಭಾಗ…