ಕಾಮನ ರಾಶಿಗೆ ಕೋಲು ಹಾಕುವವರು

"ಹಬ್ಬಕ್ಕೆ ಬಂದಿದ್ದೀಯೋ, ಹೆಣ ಹುಡ್ಕೋಕೆ ಬಂದಿದ್ದೀಯೋ? ಅಪಶಕುನದ ಮುಖ ತಗೊಂಡು ಆಚೆ ಹೋಗೋ!"

ಬೀದಿ ತುಂಬ ಜನರೆದುರು ಹೀಗೆ ಕೂಗಿದವನು ಹೋಳಿ ತಂಡದ ಮುಂದಾಳು. ಕೈಯಲ್ಲಿ ಉರಿಯುವ ಪಂಜು. ಜನ ಗೊಳ್ಳೆಂದು ನಗುತ್ತಾರೆ. ಬೈಸಿಕೊಂಡವರು ಬೀದಿ ಗುಡಿಸುವ ಕೆಲಸದವರು, ಐವತ್ತೆಂಟು ವರ್ಷ, ಎಲ್ಲರ ಬಾಯಲ್ಲೂ ಕೋಲಣ್ಣ. ಬೆಳಗಿನ ಐದೂಕಾಲು. ಬೆಳಕು ಹರಿಯುವ ಮೊದಲೇ ಕಾಮನನ್ನು ಸುಡಬೇಕು. ಇವರು ಮಾತ್ರ ಆಳೆತ್ತರದ ಸೌದೆ ರಾಶಿಯೊಳಗೆ ಬಿದಿರಿನ ಕೋಲು ತೂರಿಸುತ್ತಲೇ ಇದ್ದಾರೆ. ತುದಿಗೆ ಬಟ್ಟೆ ಸುತ್ತಿದೆ. ಒಳಗೆ ಯಾರಾದರೂ ಇದ್ದರೆ ಚುಚ್ಚಬಾರದಲ್ಲ.

ಒಳಗೆ ಯಾರಿರುತ್ತಾರೆ? ಹೋಳಿಯ ಸೌದೆ ಕದ್ದು ತಂದದ್ದೇ ಆಗಬೇಕು, ಅದು ರೂಢಿ. ಮುರುಕು ಬಾಗಿಲು, ಕಾಲಿಲ್ಲದ ಮಂಚ, ಯಾರದೋ ಹಿತ್ತಿಲಿನ ಏಣಿ. ಪಕ್ಕದ ಬೀದಿಯವರು ಅದನ್ನು ಮತ್ತೆ ಕದಿಯದಂತೆ ಒಬ್ಬ ರಾಶಿಯೊಳಗೇ ಅವಿತು ಕಾವಲು ಕೂರುತ್ತಾನೆ. ಕೂತವನಿಗೆ ನಿದ್ದೆ ಹತ್ತುತ್ತದೆ. ಉಳಿದವರು ಅವನು ಮನೆಗೆ ಹೋದನೆಂದುಕೊಂಡು ಮೇಲೆ ಇನ್ನಷ್ಟು ಪೇರಿಸುತ್ತಾರೆ.

"ನನ್ನ ಭಾವಮೈದ ಹಂಗೇ ಮಲಗಿದ್ದ. ಹದಿನೇಳು ವರ್ಷ ಆಯ್ತು," ಎನ್ನುತ್ತಾರೆ ಕೋಲಣ್ಣ. "ಬೆಂಕಿ ಹಚ್ಚಿದ ತಕ್ಷಣ ಎಲ್ರೂ ಲಬೋ ಲಬೋ ಅಂತ ಬಾಯಿ ಬಡ್ಕೋತಾರಲ್ಲ, ಒಳಗೆ ಅವನೂ ಹಂಗೇ ಕೂಗಿರ್ಬೇಕು. ಯಾರಿಗೆ ಕೇಳ್ಸುತ್ತೆ? ನಾನೂ ಹೊರಗೆ ನಿಂತು ಬಾಯಿ ಬಡ್ಕೋತಿದ್ದೆ ಕಣಪ್ಪ. ಮನೆಮಂದಿಯೆಲ್ಲ ಬೂದಿ ಹಣೆಗೆ ಇಟ್ಕೊಂಡ ಮೇಲೇನೇ ಅವನೆಲ್ಲಿ ಅಂತ ಹುಡುಕಿದ್ದು."

ಶಿವನ ಕಣ್ಣಿನ ಉರಿಗೆ ಕಾಮ ಬೂದಿಯಾದ, ಹೆಂಡತಿ ರತಿ ಗೋಳಾಡಿದಳು, ಆ ಗೋಳೇ ಈ ಬಾಯಿ ಬಡಿತ ಎಂದು ಹಿರಿಯರು ಹೇಳುತ್ತಾರೆ. ಮನಸ್ಸಿನ ಕೊಳೆ ಸುಟ್ಟು, ಬಣ್ಣ ಎರಚಿ ಹಗೆ ಮರೆಯಬೇಕಂತೆ. ಇಷ್ಟೆಲ್ಲ ಅರ್ಥ ಬಲ್ಲ ಒಬ್ಬನೂ ಬಗ್ಗಿ ರಾಶಿಯೊಳಗೆ ಇಣುಕುವುದಿಲ್ಲ. ಕೋಲಣ್ಣ ಒಂದೊಂದು ರಾಶಿಗೆ ಅರವತ್ತು ಸಲ ಕೋಲು ಹಾಕುತ್ತಾರೆ. ಇವತ್ತು ನಾಲ್ಕು ರಾಶಿ, ಇದು ಮೂರನೆಯದು.

ತಮಟೆ ಶುರುವಾಗುತ್ತದೆ. ಮುಂದಾಳು ಪಂಜು ಬಗ್ಗಿಸುತ್ತಾನೆ. ಕೋಲಣ್ಣ ಅಡ್ಡ ನಿಲ್ಲುತ್ತಾರೆ.

"ಒಂದು ನಿಮಿಷ ತಮಟೆ ನಿಲ್ಸಪ್ಪ. ಆಮೇಲೆ ಬೇಕಾದ್ರೆ ನನ್ನೂ ಸೇರ್ಸಿ ಹಚ್ಚು."

"ಇವನದೊಂದು ರಗಳೆ! ನಿಲ್ಸ್ರೋ."

ಸದ್ದು ನಿಲ್ಲುತ್ತದೆ. ಕೋಲು ಮಂಚದ ಅಡಿಗೆ ಹೋಗುತ್ತದೆ. ಮೆತ್ತಗೆ ಏನಕ್ಕೋ ತಗಲುತ್ತದೆ. ಎಳೆದರೆ ಬರುವುದಿಲ್ಲ. ಒಳಗಿನಿಂದ ಯಾರೋ ಅದರ ತುದಿಯನ್ನು ಹಿಡಿದಿದ್ದಾರೆ.

ಆಮೇಲೆ ಹತ್ತಾರು ಕೈಗಳು ಮಂಚ, ಬಾಗಿಲು, ಏಣಿ ಕಿತ್ತೆಸೆಯುತ್ತವೆ. ಕಣ್ಣುಜ್ಜಿಕೊಳ್ಳುತ್ತ ಎದ್ದು ಬಂದವನು ಮುಂದಾಳಿನ ಸ್ವಂತ ತಮ್ಮ.

"ಯಾಕ್ರೋ, ಇನ್ನೂ ಹಚ್ಚಿಲ್ವಾ?"

ಯಾರೂ ನಗುವುದಿಲ್ಲ. ಮುಂದಾಳಿನ ಪಂಜು ಮಣ್ಣಿಗೆ ಬಿದ್ದಿದೆ. ತಮ್ಮನ ಅಂಗಿ ಬಿಡದೆ ಹಿಡಿದುಕೊಂಡೇ ಅವನು ಕೋಲಣ್ಣನ ಕಡೆ ತಿರುಗುತ್ತಾನೆ. "ಅಣ್ಣಾ, ಅಮ್ಮಂಗೆ ಹೇಳ್ಬೇಡಣ್ಣ. ನಾನೇ ಹಚ್ತಿದ್ನಲ್ಲಣ್ಣ... ನಾನೇ ಅಲ್ವಾ ಹಚ್ತಿದ್ದಿದ್ದು?"

ಆಚೆ ಬೀದಿಯಲ್ಲಿ, ನಾಲ್ಕನೆಯ ರಾಶಿಯ ಹತ್ತಿರ, ಆಗಲೇ ತಮಟೆ ಎದ್ದಿದೆ, ಜೊತೆಗೆ ಬಾಯಿ ಬಡಿತ. ಕೋಲಣ್ಣ ಕೋಲನ್ನು ಹೆಗಲಿಗೇರಿಸಿ ಆ ಸದ್ದಿನ ಕಡೆಗೆ ಬಿರಬಿರನೆ ಹೆಜ್ಜೆ ಹಾಕುತ್ತಾರೆ.