ಹಿನ್ನೀರಿನ ಅಂಚು

ಅಂತರ್ಜಲದ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕಸುಬು. ಅದಕ್ಕೆ ಮೊದಲು ಅಂಚುಗಳನ್ನು ಹೇಳಿಕೊಡಬೇಕು: ನೀರು ಎಲ್ಲಿಂದ ಒಳಬರುತ್ತದೆ, ಎಲ್ಲಿ ಬಂಡೆ ತಡೆಯುತ್ತದೆ, ಎಲ್ಲಿ ಮಟ್ಟ ವರ್ಷವಿಡೀ ಹಾಗೇ ನಿಲ್ಲುತ್ತದೆ. ಅಂಚು ತಪ್ಪಾದರೆ ಯಂತ್ರವೇನೂ ತಕರಾರು ಮಾಡುವುದಿಲ್ಲ. ಅಚ್ಚುಕಟ್ಟಾಗಿ ಸುಳ್ಳು ಹೇಳುತ್ತದೆ.

ಅಣೆಕಟ್ಟಿನ ಹಿನ್ನೀರಿಗೆ ಸೇತುವೆ ಆಗುವ ಮುಂಚಿನ ಮಾತು; ಆಗ ಲಾಂಚಿನಲ್ಲೇ ದಾಟಬೇಕಿತ್ತು. ಬ್ಯಾಕೋಡಿನ ಹತ್ತಿರದ ಒಂದು ಕೇರಿಗೆ ಬಾವಿಯ ಜಾಗ ಗುರುತಿಸಲು ಹೋಗಿದ್ದೆ. ದೀಪಾವಳಿ ಹತ್ತಿರವಿತ್ತು, ಹಿನ್ನೀರು ಗದ್ದೆಯ ಬುಡದವರೆಗೆ ತುಂಬಿತ್ತು. ಆ ದಡವನ್ನೇ 'ಬದಲಾಗದ ಮಟ್ಟ' ಎಂದು ನಕ್ಷೆಯಲ್ಲಿ ಬರೆದುಕೊಂಡೆ. ಪಕ್ಕದ ಮನೆಯ ಹಿರಿಯ ಹೆಂಗಸೊಬ್ಬರು ಬೆಲ್ಲ, ನೀರು ತಂದುಕೊಟ್ಟರು. ನೀರು ಅವರ ಒರತೆಗುಂಡಿಯದು. ಮೊಣಕಾಲುದ್ದದ ಗುಂಡಿ, ಆದರೂ ನಾಲ್ಕು ಮನೆಯವರು ಬೇಸಿಗೆಯೆಲ್ಲ ಅದನ್ನೇ ಕುಡಿಯುತ್ತಿದ್ದರು.

"ಬೇಸ್ಗೇಲಿ ಒಂದ್ಸಲ ಬಂದ್ ನೋಡಿ ಸಾರ್. ಈ ಹಿನ್ನೀರು ಇಲ್ಲಿರಲ್ಲ," ಎಂದರು.

"ಮೇಲೆ ಇಳಿದ್ರೂ ಭೂಮಿ ಒಳಗೆ ಇರುತ್ತಮ್ಮ," ಎಂದು ನಕ್ಕೆ. ಓದಿದವನ ಜಂಬ. ಲಾಂಚಿಗೆ ಹೊತ್ತಾಗಿತ್ತು ಬೇರೆ.

ನಾನು ತೋರಿಸಿದಲ್ಲೇ ಬಾವಿ ತೋಡಿದರು. ನೀರೂ ಬಂತು. ಅದನ್ನು ನೋಡಲು ಹೋದಾಗ ಅಗೆದ ಮಣ್ಣು ಅಂಗಳದ ದಾರಿಗೆ ಅಡ್ಡ ಬಿದ್ದಿತ್ತು.

"ಈ ಮಣ್ಣು ಎಲ್ಲಿಗ್ ಹಾಕದು ಸಾರ್?" ಎಂದು ಆಕೆ ಕೇಳಿದರು.

"ಇನ್ನು ಆ ಗುಂಡಿ ಯಾಕೆ? ಅದಕ್ಕೇ ತುಂಬಿಸಿಬಿಡಿ."

ಆಕೆ ಗುಂಡಿಯ ಕಡೆ ಒಮ್ಮೆ ತಿರುಗಿ ನೋಡಿದರು. "ನೀವ್ ಹೇಳಿದ್ ಮೇಲೆ ಸರಿನೇ ಇರ್ತದೆ ಬಿಡಿ," ಎಂದರು.

ಏಪ್ರಿಲ್ ಕೊನೆಗೆ ಆ ಕೇರಿಯಿಂದ ಫೋನು ಬಂತು. ಹೋಗಿ ನೋಡಿದರೆ ಹಿನ್ನೀರು ಕಣ್ಣಳತೆಗೂ ಆಚೆ ಸರಿದಿತ್ತು, ಮುಳುಗಡೆಯ ಮರದ ಬೊಡ್ಡೆಗಳು ಬಿಸಿಲಲ್ಲಿ ಎದ್ದು ನಿಂತಿದ್ದವು. ಬಾವಿಯೊಳಗಿನ ನೀರೂ ಅದರ ಹಿಂದೆಯೇ ಹೋಗಿತ್ತು. ತಳದಲ್ಲಿ ಒಂದು ಕಪ್ಪೆ ಕೂತಿತ್ತು. ಎರಡು ದಿನ ನಾನೂ ಗುದ್ದಲಿ ಹಿಡಿದು ಒರತೆಗುಂಡಿಯನ್ನು ಮತ್ತೆ ಅಗೆದೆ. ಕೆಸರು ಸಿಕ್ಕಿತು. ಒರತೆ ಸಿಗಲಿಲ್ಲ.

ನನಗೆ ಅಳು ಬಂದಿತ್ತು. ಒಂದು ಬೇಸಿಗೆ ಕಾದು ನೋಡಿದ್ದರೆ ಸಾಕಿತ್ತು. ಅದನ್ನೇ ಅಲ್ಲವೇ ಆಕೆ ಹೇಳಿದ್ದು? ಅವರು ಬೈದಿದ್ದರೆ ಎದೆಯ ಭಾರ ಒಂದಿಷ್ಟಾದರೂ ಇಳಿಯುತ್ತಿತ್ತು. ಬೈಯಲಿಲ್ಲ. ಹಿನ್ನೀರಿನವರೆಗೆ ನಡೆದು ಹೊತ್ತು ತಂದ ಕೊಡವನ್ನು ಜಗಲಿಯ ಮೇಲೆ ಇಳಿಸಿದರು, ಬಟ್ಟೆಯಲ್ಲಿ ಸೋಸಿದರು, ಬೆಲ್ಲದ ಚೂರಿನ ಜೊತೆ ಮೊದಲ ಲೋಟವನ್ನು ನನ್ನ ಮುಂದಿಟ್ಟರು.

"ಕುಡೀರಿ, ಬಿಸ್ಲಲ್ಲಿ ಅಗ್ದೀರಿ."

ನೀರು ಬೆಚ್ಚಗಿತ್ತು, ಕೆಸರಿನ ವಾಸನೆ ಬರುತ್ತಿತ್ತು. ಅವರ ಎದುರಿಗೇ ಪೂರ್ತಿ ಕುಡಿದೆ.